ಕೈ ಹಿಂದೆ ಕಟ್ಟಿ ನಿಲ್ಲುವ ವಿದ್ಯೆ

ಮೊರಬದ ಸುಧಾರಾಣಿ ಸ್ಕಾಟ್ಲೆಂಡಿನಲ್ಲಿ ಫೇಲಾದದ್ದು ಒಬ್ಬ ಮುದುಕನಿಗೆ ಅಂಗಿ ತೊಡಿಸಿದ್ದಕ್ಕೆ.

ಮುದುಕನ ಹೆಸರು ಆರ್ಚಿ. ಗ್ಲಾಸ್ಗೋ ನಗರದಲ್ಲಿ ಬಸ್ಸು ಓಡಿಸಿ ನಿವೃತ್ತನಾದವನು. ಲಕ್ವಾ ಹೊಡೆದು ಎಡಗೈ, ಎಡಗಾಲು ಸೋತು ಆಸ್ಪತ್ರೆ ಸೇರಿದ್ದ. ಆ ದಿನ ಬೆಳಿಗ್ಗೆ ಹಾಸಿಗೆಯ ಅಂಚಿಗೆ ಕೂತು ಒಂದೇ ಕೈಯಲ್ಲಿ ಅಂಗಿಯೊಡನೆ ಗುದ್ದಾಡುತ್ತಿದ್ದ. ತೋಳು ಸಿಕ್ಕರೆ ಕೊರಳು ಸಿಗುತ್ತಿರಲಿಲ್ಲ, ಕೊರಳು ಸಿಕ್ಕರೆ ತೋಳು ಬೆನ್ನ ಹಿಂದೆ ಹೋಗಿ ಸಿಕ್ಕಿಕೊಳ್ಳುತ್ತಿತ್ತು. ಮುಖ ಕೆಂಪಾಗಿ ಹಣೆಯಲ್ಲಿ ಬೆವರೊಡೆದಿತ್ತು. ತರಬೇತಿಗೆಂದು ಆ ವಾರ್ಡಿನಲ್ಲಿದ್ದ ಸುಧಾರಾಣಿಗೆ ಅದನ್ನು ನೋಡುತ್ತ ನಿಲ್ಲಲು ಆಗಲಿಲ್ಲ. ಹೋದಳು, ಸೋತ ಕೈಯನ್ನು ಮೊದಲು ತೂರಿಸಿ, ಬೆನ್ನ ಮೇಲಿಂದ ಅಂಗಿ ಎಳೆದು, ಗುಂಡಿ ಹಾಕಿ, ಕಾಲರ್ ಸರಿಮಾಡಿ, ಕೂದಲನ್ನೂ ಒಮ್ಮೆ ಸವರಿದಳು. ಆರ್ಚಿ ಥ್ಯಾಂಕ್ಯೂ ಅಂದ. ಆದರೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಅಂದ.

ಅವಳ ಕೆಲಸ ನೋಡಿ ಅಂಕ ಕೊಡಬೇಕಾದ ಫಿಯೋನಾ ಎಂಬ ಹಿರಿಯ ಥೆರಪಿಸ್ಟ್ ಬಾಗಿಲಲ್ಲಿ ನಿಂತಿದ್ದಳು. ತರಬೇತಿ ಮುಗಿದ ದಿನ ಕೋಣೆಗೆ ಕರೆದು ಕೂರಿಸಿಕೊಂಡು, "ನಿನ್ನನ್ನು ಪಾಸು ಮಾಡಲು ನನ್ನಿಂದ ಆಗುವುದಿಲ್ಲ" ಎಂದಳು.

ಸುಧಾರಾಣಿ ಹುಟ್ಟಿದಾಗಿನಿಂದ ಯಾವ ಪರೀಕ್ಷೆಯಲ್ಲೂ ಫೇಲಾದವಳಲ್ಲ.

ಅವಳು ನವಲಗುಂದದ ಕಡೆಯ ಕುರಿಗಾರರ ಮನೆಯ ಮಗಳು. ಅಪ್ಪ ಶಿದ್ಲಿಂಗಪ್ಪನಿಗೆ ಊರಾಚೆ, ಮಂದೆ ಕೂಡಿಹಾಕುವ ಕುರಿದಡ್ಡಿ ಇತ್ತು. ಜೊತೆಗೆ ಕಡಲೆ, ಜೋಳ ಬೆಳೆಯುವ ಒಂದಿಷ್ಟು ಎರೆಹೊಲ. ಕಂಬಳಿ ಹೆಗಲಿಗೆ ಹಾಕಿ ಹೊರಟನೆಂದರೆ ನಡಿಗೆಯಲ್ಲಿ ಅವನ ಸರಿಸಾಟಿ ಯಾರೂ ಇರಲಿಲ್ಲ. ಯಮನೂರಿನ ಹಾದಿ ಹಿಡಿದು ಹಳ್ಳದ ದಂಡೆಗುಂಟ ಕುರಿ ಮೇಯಿಸುತ್ತ ಹೋದವನು ಹೊತ್ತು ಮುಳುಗುವ ಹೊತ್ತಿಗೆ ಹೋದಷ್ಟೇ ಬಿರುಸಾಗಿ ತಿರುಗಿ ಬರುತ್ತಿದ್ದ. ಸುಧಾರಾಣಿ ಪಿ.ಯು.ಸಿ. ಎರಡನೇ ವರ್ಷದಲ್ಲಿದ್ದಾಗ ಒಂದು ಬೆಳಿಗ್ಗೆ ಅವನು ರೊಟ್ಟಿ ಮುರಿಯಲು ಹೋದರೆ ಬಲಗೈ ಏಳಲಿಲ್ಲ. ಬಾಯಿ ಸೊಟ್ಟಗಾಯಿತು. ಟ್ರ್ಯಾಕ್ಟರ್‌ನಲ್ಲಿ ಮಲಗಿಸಿಕೊಂಡು ನವಲಗುಂದಕ್ಕೆ, ಅಲ್ಲಿಂದ ಅಂಬುಲೆನ್ಸಿನಲ್ಲಿ ಹುಬ್ಬಳ್ಳಿಗೆ ಒಯ್ದರು. ಜೀವ ಉಳಿಯಿತು. ಬಲಭಾಗ ಉಳಿಯಲಿಲ್ಲ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಬಿಳಿ ಕೋಟಿನ ಒಬ್ಬ ಹೆಣ್ಣುಮಗಳು ದಿನವೂ ಬಂದು ಅಪ್ಪನ ಕೈಕಾಲು ಆಡಿಸುವುದನ್ನು ಸುಧಾರಾಣಿ ಮಂಚದ ಬದಿಗೆ ನಿಂತು ನೋಡಿದಳು. ಮನೆಗೆ ಕಳಿಸುವ ದಿನ ಅವಳೇ, "ದಿನಾ ಹಿಂಗ ಮಾಡಸ್ರಿ" ಎಂದು ತೋರಿಸಿಕೊಟ್ಟಿದ್ದಳು. ಆದರೆ ಮೊರಬಕ್ಕೆ ಬಂದು ಮಾಡಿಸುವವರು ಯಾರು? ಕೆಲವು ದಿನ ಸುಧಾರಾಣಿ ಮಾಡಿಸಿದಳು. ಅಪ್ಪ ನೋವೆಂದು ಮುಖ ಕಿವುಚಿದ ಕೂಡಲೇ ಅವ್ವ ಕೆಂಚವ್ವ, "ಸಾಕು ಬಿಡ ಬೇ, ಸತ್ತು ಹುಟ್ಟಿ ಬಂದಾನ" ಎಂದು ಅವಳ ಕೈ ಸರಿಸಿದಳು. ಅಲ್ಲಿಂದಾಚೆ ಶಿದ್ಲಿಂಗಪ್ಪ ಹಗ್ಗದ ಹೊರಸಿನ ಮೇಲಿನವನಾದ. ಉಣಿಸುವುದು, ಮೈ ತೊಳೆಸುವುದು, ಮಗ್ಗುಲು ಹೊರಳಿಸುವುದು, ಹಾಸಿಗೆಯಲ್ಲಿಯೇ ಎಲ್ಲ ಮಾಡಿಸಿ ತೆಗೆಯುವುದು, ಅಷ್ಟೂ ಕೆಂಚವ್ವನ ಪಾಲಿಗೆ ಬಂತು. ಅವಳು ಎಂದೂ ಬೇಸರಿಸಲಿಲ್ಲ. ಗಂಡನ ಮೈಮೇಲೆ ಒಂದು ಹುಣ್ಣಾಗಲು ಬಿಡಲಿಲ್ಲ. ಓಣಿಯ ಮಂದಿ ಅವಳ ಹೆಸರು ಹೇಳಿ ಸೊಸೆಯಂದಿರಿಗೆ ಬುದ್ಧಿ ಹೇಳುತ್ತಿದ್ದರು.

ಅಣ್ಣ ಹನುಮೇಶ ಕುರಿ, ಹೊಲ ಎರಡನ್ನೂ ನೋಡಿಕೊಂಡ. ಸುಧಾರಾಣಿ ಹುಬ್ಬಳ್ಳಿಯಲ್ಲಿ ಫಿಸಿಯೋಥೆರಪಿ ಓದಲು ಸೇರಿದಳು. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಓದು ಮುಗಿಯುವ ವರ್ಷ ಅವಳ ಅಧ್ಯಾಪಕಿ ರಂಜನಾ ಮೇಡಂ ಅವಳನ್ನು ಕರೆದು, ಹೊರದೇಶದಲ್ಲಿ ಓದಲು ವಿದ್ಯಾರ್ಥಿವೇತನ ಕೊಡುವ ಸುದ್ದಿ ಹೇಳಿದರು.

"ನೋಡು ಸುಧಾ, ಮಿದುಳಿಗೆ ಪೆಟ್ಟು ಬಿದ್ದವರನ್ನ ಮತ್ತ ಎಬ್ಬಿಸಿ ನಿಲ್ಲಸೋದು ಅಲ್ಲೆ ಭಾಳ ಮುಂದ ಹೋಗ್ಯದ. ಇಲ್ಲೆ ನನಗ ಗೊತ್ತಿದ್ದದ್ದೆಲ್ಲಾ ನಿನಗ ಹೇಳಿಕೊಟ್ಟೀನಿ. ಮುಂದಿಂದು ಅಲ್ಲೇ ಕಲೀಬೇಕು."

"ನನಗ ಸಿಗತೈತೇನ್ರಿ ಮೇಡಂ?"

"ಸಿಗತದೋ ಇಲ್ಲೋ ಕೊಡೋವ್ರು ನೋಡ್ಕೋತಾರ. ಕೇಳೋದು ನಿನ್ನ ಕೆಲಸ ಅದ."

ಸಂದರ್ಶನದಲ್ಲಿ, ಓದಿದ ಮೇಲೆ ಏನು ಮಾಡುತ್ತೀ ಎಂದು ಕೇಳಿದರು. ಆಸ್ಪತ್ರೆಯಿಂದ ಹಳ್ಳಿಗೆ ಕಳಿಸಿದ ಮೇಲೆ ನಮ್ಮ ಕಡೆಯ ರೋಗಿಯನ್ನು ಕೇಳುವವರೇ ಇಲ್ಲ, ಅವರ ಮನೆಗೆ ಹೋಗುತ್ತೇನೆ, ಎಂದಳು. ಬಾಯಿಪಾಠ ಮಾಡಿಕೊಂಡು ಹೋದ ಉತ್ತರವಾಗಿರಲಿಲ್ಲ. ಅಪ್ಪ ಮಲಗಿದ್ದ ಮನೆಯ ಪಡಸಾಲೆ ಕಣ್ಣ ಮುಂದೆ ಬಂದಿತ್ತು, ಅದನ್ನೇ ಹೇಳಿದ್ದಳು. ವಿದ್ಯಾರ್ಥಿವೇತನ ಸಿಕ್ಕಿತು.

ಕೆಂಚವ್ವನಿಗೆ ಮಾತ್ರ ಇದು ಅರ್ಥವಾಗಲಿಲ್ಲ. "ಕೈಕಾಲು ತಿಕ್ಕೂ ವಿದ್ಯಾ ಕಲಿಯಾಕ ಅಷ್ಟು ದೂರ ಹೋಗಬೇಕೇನ ಬೇ? ನಾ ಇಲ್ಲೇ ದಿನಾ ತಿಕ್ಕಾಕ ಹತ್ತೇನಲ್ಲಾ?" ಎಂದಳು. ಹೊರಡುವ ದಿನ ಶೇಂಗಾ ಚಟ್ನಿ, ಕಟಕ ರೊಟ್ಟಿ ಕಟ್ಟಿಕೊಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು, ಮತ್ತೆ ಒಳಗೆ ಹೋಗಿ ಗಂಡನಿಗೆ ಗಂಜಿ ಕುಡಿಸಲು ಕೂತಳು.

ಗ್ಲಾಸ್ಗೋದಲ್ಲಿ ಬಿಸಿಲೆಂಬುದು ಅಪರೂಪದ ನೆಂಟ. ಜನ ಆಡುವ ಇಂಗ್ಲಿಷ್ ಪುಸ್ತಕದ ಇಂಗ್ಲಿಷ್ ಆಗಿರಲಿಲ್ಲ. ಅರ್ಧ ಮಾತು ಗಂಟಲಲ್ಲೇ ನುಂಗಿ ಉಳಿದರ್ಧವನ್ನು ಹೊರಹಾಕುತ್ತಿದ್ದರು. ಸುಧಾರಾಣಿ ಬಸ್ಸಿನಲ್ಲಿ, ಅಂಗಡಿಯಲ್ಲಿ ಕಿವಿಗೊಟ್ಟು ಕೇಳಿ ಕೇಳಿ ಕಲಿತಳು. ತಾನು ಆಡುವುದೂ ಅವರ ಕಿವಿಗೆ ಗಡುಸಾಗಿ ಬೀಳುತ್ತದೆಂದು ತಿಳಿದ ಮೇಲೆ ಪ್ರತಿ ಮಾತಿಗೂ 'ಪ್ಲೀಸ್' ಅಂಟಿಸುವುದನ್ನು ರೂಢಿ ಮಾಡಿಕೊಂಡಳು. ಓದಿನಲ್ಲಿ ಹಿಂದೆ ಬೀಳಲಿಲ್ಲ. ಮಿದುಳಿನ ಯಾವ ಭಾಗ ಸೋತರೆ ಯಾವ ಬೆರಳು ಸೋಲುತ್ತದೆಂಬುದನ್ನು ಅವಳಷ್ಟು ಚೆನ್ನಾಗಿ ಹೇಳುವವರು ತರಗತಿಯಲ್ಲಿ ಕಡಿಮೆ. ಹಾಗಾಗಿ ಆ ದಿನ ಫಿಯೋನಾಳ ಮಾತು ಅವಳ ತಲೆಗೆ ಹೋಗಲೇ ಇಲ್ಲ.

"ನಾನೇನು ತಪ್ಪು ಮಾಡಿದೆ? ಒಬ್ಬ ರೋಗಿಯಾದರೂ ನನ್ನ ಮೇಲೆ ದೂರು ಹೇಳಿದ್ದಾರೆಯೇ?"

"ಇಲ್ಲ. ಎಲ್ಲರೂ ನಿನ್ನನ್ನು ಮೆಚ್ಚಿದ್ದಾರೆ" ಎಂದಳು ಫಿಯೋನಾ. "ಆದರೆ ನೀನು ಬಂದ ಮೇಲೆ ಆರ್ಚಿ ತಾನಾಗಿ ಮಾಡುವ ಕೆಲಸ ಕಡಿಮೆಯಾಗಿದೆ. ನೀರಿನ ಲೋಟ ನೀನು ಎತ್ತಿಕೊಡುತ್ತೀ. ಏಳುವಾಗ ನೀನು ಎತ್ತುತ್ತೀ. ಅಂಗಿ ನೀನು ತೊಡಿಸಿದೆ. ಅವತ್ತು ಅವನಿಗೆ ಇನ್ನೊಂದು ಸ್ವಲ್ಪ ಹೊತ್ತು ಬೇಕಾಗಿತ್ತು. ಸೋತ ಮಿದುಳು ಕಲಿಯುವುದು ಆ ಗುದ್ದಾಟದಲ್ಲಿಯೇ. ನೀನು ಅದನ್ನು ಅವನಿಂದ ಕಿತ್ತುಕೊಂಡೆ."

"ಕಷ್ಟದಲ್ಲಿರುವವರ ಕೈಹಿಡಿಯುವುದು ನಮ್ಮಲ್ಲಿ ತಪ್ಪಲ್ಲ."

"ಇಲ್ಲಿಯೂ ತಪ್ಪಲ್ಲ. ಆದರೆ ಯಾವಾಗ ಬಿಡಬೇಕೆಂಬುದು ಗೊತ್ತಿರಬೇಕು. ನಿನಗೆ ಹಿಡಿಯುವುದು ಗೊತ್ತು, ಬಿಡುವುದು ಗೊತ್ತಿಲ್ಲ."

ಬೇರೆ ಆಸ್ಪತ್ರೆಯಲ್ಲಿ ಇನ್ನೊಮ್ಮೆ ತರಬೇತಿ ಮಾಡಲು ಅವಕಾಶವಿತ್ತು. ಅದರಲ್ಲೂ ಸೋತರೆ ಓದೂ ಇಲ್ಲ, ವಿದ್ಯಾರ್ಥಿವೇತನವೂ ಇಲ್ಲ. ಸುಧಾರಾಣಿ ಕೋಣೆಗೆ ಬಂದು ಬಾಗಿಲು ಹಾಕಿಕೊಂಡಳು. ಸಿಟ್ಟು ಅಳುವಾಗಿ ಹೊರಬರಲು ನೋಡಿತು, ಅವಳು ಬಿಡಲಿಲ್ಲ. ಈ ಬಿಳಿಯರಿಗೆ ಕರುಣೆ ಎಂದರೇನೆಂದು ಗೊತ್ತಿಲ್ಲ, ಹೆತ್ತವರನ್ನೇ ದೂರ ಇಡುವ ಜನ ಎಂದು ಮನಸ್ಸಿನಲ್ಲೇ ಬೈದಳು. ಹಾಗೆ ಬೈಯುತ್ತಲೇ ಮನೆಗೆ ವಿಡಿಯೋ ಕಾಲ್ ಹಚ್ಚಿದಳು.

ಹನುಮೇಶ ಫೋನನ್ನು ಗೂಟಕ್ಕೆ ಆನಿಸಿಟ್ಟು ಹೊರಗೆ ಹೋದ. ಪಡಸಾಲೆಯಲ್ಲಿ ಅಪ್ಪನ ಊಟ ನಡೆದಿತ್ತು. ಕೆಂಚವ್ವ ರೊಟ್ಟಿ ಹಾಲಿನಲ್ಲಿ ಕಿವುಚಿ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ಸುಧಾರಾಣಿ ನೂರಾರು ಸಲ ನೋಡಿದ ನೋಟ. ಆದರೆ ಆ ದಿನ ಅವಳ ಕಣ್ಣು ಅವ್ವನ ಮೇಲೆ ನಿಲ್ಲಲಿಲ್ಲ. ಅಪ್ಪನ ಎಡಗೈಯ ಮೇಲೆ ನಿಂತಿತು. ಎಡಗೈಗೆ ಲಕ್ವಾ ಹೊಡೆದಿರಲಿಲ್ಲ. ಅದು ಗಟ್ಟಿಮುಟ್ಟಾದ, ಕುರಿಯನ್ನು ಕಾಲು ಹಿಡಿದು ಎತ್ತುತ್ತಿದ್ದ ಕೈ. ಅದು ಅಪ್ಪನ ತೊಡೆಯ ಮೇಲೆ ಅಂಗೈ ಮೇಲಾಗಿ ಸುಮ್ಮನೆ ಬಿದ್ದುಕೊಂಡಿತ್ತು.

"ಯವ್ವಾ, ಅಪ್ಪ ಎಡಗೈಲೇ ಉಣಬಹುದಲ್ಲಾ?" ಎಂದಳು.

"ಎಡಗೈಲೇ ಯಾಕ ಉಣ್ಣಲಿ? ನಾ ಇಲ್ಲೇನ?" ಎಂದಳು ಕೆಂಚವ್ವ.

ಫೋನು ಇಟ್ಟ ಮೇಲೆ ಸುಧಾರಾಣಿ ಬಹಳ ಹೊತ್ತು ಕಿಟಕಿಯ ಬಳಿ ಕೂತಳು. ಅವ್ವನ ಮೇಲೆ ಸಿಟ್ಟು ಬರಲಿಲ್ಲ. ಅವ್ವನ ಪ್ರೀತಿ ಎಷ್ಟು ದೊಡ್ಡದೋ ಅಪ್ಪನ ಹೊರಸು ಅಷ್ಟು ಗಟ್ಟಿಯಾಗಿತ್ತು ಎಂಬುದು ತಿಳಿಯಿತು. ಆರ್ಚಿ ಮುಖ ತಿರುಗಿಸಿಕೊಂಡು ಥ್ಯಾಂಕ್ಯೂ ಅಂದದ್ದೂ ಆಗ ಅರ್ಥವಾಯಿತು. ಮರುದಿನ ಫಿಯೋನಾಳ ಬಳಿಗೇ ಹೋಗಿ, "ಬಿಡುವುದು ಹೇಗೆಂದು ನನಗೆ ಕಲಿಸಿ" ಎಂದಳು.

"ಕೈ ಹಿಂದೆ ಕಟ್ಟಿಕೊ. ಕಣ್ಣು ಮಾತ್ರ ರೋಗಿಯ ಮೇಲಿಂದ ತೆಗೆಯಬೇಡ. ಬೀಳುವಂತಾದರೆ ಹಿಡಿ. ಕಷ್ಟಪಡುತ್ತಿದ್ದರೆ ಹಿಡಿಯಬೇಡ" ಎಂದಳು ಫಿಯೋನಾ. "ಬೀಳುವುದಕ್ಕೂ ಕಷ್ಟಪಡುವುದಕ್ಕೂ ಇರುವ ವ್ಯತ್ಯಾಸ ನೋಡಲು ಕಲಿತರೆ ಈ ವಿದ್ಯೆ ಅರ್ಧ ಬಂದ ಹಾಗೆ."

ಎರಡನೇ ತರಬೇತಿಯಲ್ಲಿ ಅವಳ ಪಾಲಿಗೆ ಬಂದವಳು ಜೀನ್ ಎಂಬ ಮುದುಕಿ. ಒಬ್ಬಂಟಿ ಹೆಂಗಸು, ಬಾಯಿ ಬಹಳ ಜೋರು. ಮನೆಗೆ ಹೋಗಬೇಕಾದರೆ ತನ್ನ ಚಹಾ ತಾನು ಮಾಡಿಕೊಳ್ಳುವಂತಾಗಬೇಕು ಎಂಬುದು ಅವಳದೇ ಹಟ. ವಾರ್ಡಿನ ಅಡುಗೆಕೋಣೆಯಲ್ಲಿ ಅವಳು ಸೋತ ಕೈಯಿಂದ ಸಕ್ಕರೆ ಡಬ್ಬಿಯನ್ನು ಎದೆಗೆ ಒತ್ತಿಹಿಡಿದು ಒಳ್ಳೆಯ ಕೈಯಿಂದ ಮುಚ್ಚಳ ತೆಗೆಯಲು ಒದ್ದಾಡುತ್ತಿದ್ದರೆ ಸುಧಾರಾಣಿ ಹಿಂದೆ ಕಟ್ಟಿದ ಕೈಗಳನ್ನು ಒಂದಕ್ಕೊಂದು ಬಿಗಿಯಾಗಿ ಹಿಡಿದು ನಿಂತಳು. ಡಬ್ಬಿ ಜಾರಿತು. ಸಕ್ಕರೆ ನೆಲದ ಪಾಲಾಯಿತು. ಜೀನ್ ಸುಧಾರಾಣಿಯನ್ನೂ, ಅವಳ ದೇಶವನ್ನೂ, ದೇವರನ್ನೂ ಸೇರಿಸಿ ಬೈದಳು. ಕಣ್ಣಲ್ಲಿ ನೀರು ತಂದುಕೊಂಡು, "ನಿನಗೆ ಕಾಣುವುದಿಲ್ಲವೇ, ನನ್ನಿಂದ ಆಗುವುದಿಲ್ಲ" ಎಂದು ಕೂಗಿದಳು.

"ಕಾಣುತ್ತದೆ. ಮುಚ್ಚಳ ತಿರುಗಿದ್ದೂ ಕಾಣಿಸಿತು" ಎಂದಳು ಸುಧಾರಾಣಿ.

ಜೀನ್ ಡಬ್ಬಿಯನ್ನು ದಿಟ್ಟಿಸಿದಳು. ಮುಚ್ಚಳ ಹೌದು, ತೆರೆದಿತ್ತು. ಆಮೇಲೆ ಅವಳು ಬೈಯುವುದನ್ನು ನಿಲ್ಲಿಸಲಿಲ್ಲ, ಆದರೆ ಬೈಯುತ್ತಲೇ ಮಾಡತೊಡಗಿದಳು. ತರಬೇತಿ ಮುಗಿಯುವ ವೇಳೆಗೆ ಒಂದು ಮಧ್ಯಾಹ್ನ ಚಹಾ ಮಾಡಿ, ಎರಡು ಕಪ್ಪಿಗೆ ಸುರಿದು, ಒಂದನ್ನು ಮೇಜಿನ ಮೇಲೆ ಸುಧಾರಾಣಿಯ ಕಡೆ ತಳ್ಳಿದಳು. ಅದರಲ್ಲಿ ಹಾಲಿಗಿಂತ ನೀರೇ ಹೆಚ್ಚು, ಸಕ್ಕರೆ ಇಲ್ಲವೇ ಇಲ್ಲ. ಸುಧಾರಾಣಿ ಒಂದು ಹನಿ ಬಿಡದೆ ಕುಡಿದಳು. ಪಾಸಾದಳು. ಓದು ಮುಗಿಸಿ ಪದವಿ ಹಿಡಿದುಕೊಂಡು ಊರಿಗೆ ಬಂದಳು.

ಬಂದ ಮರುದಿನವೇ ಅವಳು ಮಾಡಿದ ಮೊದಲ ಕೆಲಸವೆಂದರೆ ಅಪ್ಪನ ಹೊರಸಿನ ಎದುರು ನೆಲಕ್ಕೆ ಕೂತು ಒಂದು ಪ್ರಶ್ನೆ ಕೇಳಿದ್ದು.

"ಯಪ್ಪಾ, ನಿನಗೇನ ಬೇಕು ಹೇಳು."

ಶಿದ್ಲಿಂಗಪ್ಪ ಮಗಳ ಮುಖ ನೋಡಿದ. ಲಕ್ವಾ ಹೊಡೆದಾಗಿನಿಂದ ಅವನ ಮಾತು ತೊದಲು, ಹೀಗಾಗಿ ಅವನನ್ನು ಕೇಳುವುದನ್ನೇ ಎಲ್ಲರೂ ಬಿಟ್ಟಿದ್ದರು. ಹಸಿವೇ, ಚಳಿಯೇ, ಎಲ್ಲವನ್ನೂ ಕೆಂಚವ್ವ ಮುಖ ನೋಡಿಯೇ ತಿಳಿಯುತ್ತಿದ್ದಳು. ಅವನು ಬಾಯಿ ಆಡಿಸಿದ, ನಿಂತ, ಮತ್ತೆ ಆಡಿಸಿದ. ಒಳಗಿನಿಂದ ಕೆಂಚವ್ವ, "ಚಾ ಬೇಕಂತ ಬೇ" ಎಂದಳು. ಸುಧಾರಾಣಿ ಕೈಯೆತ್ತಿ ತಡೆದಳು.

"ಸಂ... ಸಂಡಾಸಕ್ಕ" ಎಂದ ಶಿದ್ಲಿಂಗಪ್ಪ. "ನಾನ... ಹೋಗಬೇಕು."

ಅಷ್ಟು ಹೇಳಿ ಕತ್ತು ತಗ್ಗಿಸಿದ. ಊರೂರು ತಿರುಗಿದ ಗಂಡಸು, ಅಷ್ಟು ವರ್ಷ ಹಾಸಿಗೆಯಲ್ಲಿ ಹೆಂಡತಿಯ ಕೈಯಿಂದ ಹೊಲಸು ತೆಗೆಸಿಕೊಂಡು ಏನು ನುಂಗಿದ್ದನೋ ಅವನಿಗೇ ಗೊತ್ತು.

ಅಲ್ಲೇ ಕೂತಿದ್ದ ಹನುಮೇಶ ಎದ್ದು ಹೋದ. ಸಂಜೆ ವೆಲ್ಡಿಂಗ್ ಅಂಗಡಿಯಿಂದ ನಡುವೆ ತೂತಿರುವ ಕಬ್ಬಿಣದ ಕುರ್ಚಿಯೊಂದನ್ನು ಹೊತ್ತು ತಂದು ಹಿತ್ತಲಿನ ಸಂಡಾಸಿನಲ್ಲಿಟ್ಟ. ಮರುದಿನ ಪಡಸಾಲೆಯಿಂದ ಹಿತ್ತಲಿನವರೆಗೆ ಗೋಡೆಗುಂಟ ಪೈಪು ಕೂರಿಸಿದ. "ನಡೀಲಿ ಬಿಡಲಿ, ಹಿಡಕೊಳ್ಳಾಕ ಇರ್ಲಿ" ಎಂದ.

ಸುಧಾರಾಣಿ ಅಪ್ಪನನ್ನು ಮೊದಲು ಹುಬ್ಬಳ್ಳಿಗೆ ಕರೆದೊಯ್ದು ಹೃದಯ, ರಕ್ತದೊತ್ತಡ ಪರೀಕ್ಷೆ ಮಾಡಿಸಿದಳು. ಡಾಕ್ಟರು ಅಡ್ಡಿಯಿಲ್ಲ ಎಂದ ಮೇಲೆ ಹೊರಸಿನ ಮೇಲೆ ಹಲಗೆ ಹಾಕಿ, ನಾಲ್ಕೂ ಕಾಲ ಕೆಳಗೆ ಇಟ್ಟಿಗೆ ಕೊಟ್ಟು ಎತ್ತರ ಮಾಡಿದಳು. ತಗ್ಗಿನಲ್ಲಿ ಕೂತವನಿಗಿಂತ ಎತ್ತರದಲ್ಲಿ ಕೂತವನು ಸುಲಭವಾಗಿ ಏಳುತ್ತಾನೆ. ಬಲ ಬಂದಂತೆ ಒಂದೊಂದೇ ಇಟ್ಟಿಗೆ ತೆಗೆಯುತ್ತ ಹೋಗುವುದು ಅವಳ ಲೆಕ್ಕಾಚಾರ.

"ಪಾದ ಹಿಂದಕ್ಕ ಎಳಕೋ ಯಪ್ಪಾ. ಮುಂದಕ್ಕ ಬಾಗು. ಇನ್ನಾ ಬಾಗು. ಕೆಳಗ ಬಿದ್ದದ್ದೇನೋ ನೋಡೂ ಹಂಗ. ಈಗ ಏಳು."

ಶಿದ್ಲಿಂಗಪ್ಪ ಬಾಗಿದ. ತೊಡೆ ನಡುಗಿತು. ಕೊರಳ ನರ ಉಬ್ಬಿತು. ಕುಂಡಿ ಹಲಗೆಯಿಂದ ಒಂದು ಚೂರು ಎದ್ದು ಮತ್ತೆ ದೊಪ್ಪೆಂದು ಕೂತಿತು. ಕೆಂಚವ್ವ ಓಡಿಬಂದು ಅವನ ಕಂಕುಳಿಗೆ ಕೈಹಾಕಿದಳು.

"ಬಿಡು ಯವ್ವಾ."

"ಎಲ್ಲಿ ಬಿಡ್ಲಿ? ಬೀಳ್ತಾನ!"

"ಬೀಳಾಂಗಿಲ್ಲ. ನಾ ನೋಡಾಕ ಹತ್ತೇನಿ."

"ನೋಡಾಕ ಹತ್ತೀಯಂತ! ಕೈ ಹಿಂದ ಕಟಗೊಂಡು ಪೊಲೀಸ ನಿಂತಂಗ ನಿಂತೀದಿ. ಹೊರದೇಶಕ್ಕ ಹೋಗಿ ಕಲ್ಲಾಗಿ ಬಂದೀಯೇನ ಬೇ ನೀ?"

ದಿನವೂ ಇದೇ ಜಗಳ. ಸುಧಾರಾಣಿ ಸಂಜೆಮುಂದೆ ದಣಿದು ಹಣ್ಣಾಗಿ ಕಟ್ಟೆಗೆ ಕೂರುತ್ತಿದ್ದಳು, ಬೆಳಿಗ್ಗೆ ಮತ್ತೆ ಅಪ್ಪನ ಮುಂದೆ ನಿಲ್ಲುತ್ತಿದ್ದಳು. ಅವನ ಎಡಗೈಗೆ ಚಮಚ ಕೊಟ್ಟಳು. ಅನ್ನ ಅಂಗಿಯ ಮೇಲೆ ಚೆಲ್ಲಿತು, ಕೆಂಚವ್ವ ತಲೆ ಚಚ್ಚಿಕೊಂಡಳು. ಓಣಿಯಲ್ಲಿ ಮಾತು ಹುಟ್ಟಿತು. ಓದಿದ ಮಗಳು ಹಾಸಿಗೆ ಹಿಡಿದ ಅಪ್ಪನಿಗೆ ತುತ್ತು ಹಾಕಲು ಬಿಡುವುದಿಲ್ಲವಂತೆ, ಪರದೇಶದ ನೀರು ಕುಡಿದು ಕರುಳು ಒಣಗಿತಂತೆ. ಪಕ್ಕದ ಮನೆಯ ರಾಜಮಾಬಿ ಮಾತ್ರ ಏನೂ ಅನ್ನದೆ ತನ್ನ ಬಾಗಿಲಲ್ಲಿ ನಿಂತು ದಿನವೂ ನೋಡುತ್ತಿದ್ದಳು.

ಒಂದು ದಿನ ಶಿದ್ಲಿಂಗಪ್ಪ ನಿಜವಾಗಿಯೂ ಬಿದ್ದ. ಎದ್ದು ನಿಂತಿದ್ದ, ಪೈಪು ಹಿಡಿದು ಒಂದು ಹೆಜ್ಜೆ ಇಟ್ಟೂ ಇದ್ದ. ಬಲಪಾದ ಚಾಪೆಯ ಅಂಚಿಗೆ ತೊಡರಿತು. ಸುಧಾರಾಣಿ ಹಿಡಿದಳು. ಪೂರ್ತಿ ನಿಲ್ಲಿಸಲು ಆಗದೆ ಅವನ ಜೊತೆಗೇ ಮೆಲ್ಲಗೆ ನೆಲಕ್ಕಿಳಿದಳು. ಪೆಟ್ಟೇನೂ ಆಗಲಿಲ್ಲ. ಆದರೆ ಕೆಂಚವ್ವ ಒಳಗಿನಿಂದ ಬಂದು ಇಬ್ಬರೂ ನೆಲದ ಮೇಲಿರುವುದನ್ನು ಕಂಡವಳೇ ಮಗಳ ಕೆನ್ನೆಗೆ ಬಾರಿಸಿದಳು. ಗಂಡನನ್ನು ತಬ್ಬಿ ಹಿಡಿದು, "ನಾ ಸತ್ತ ಮ್ಯಾಲ ಮಾಡ್ಸು ನಿನ್ನ ಆಟಾ. ನಾ ಇರೂತನಕಾ ಇವನ್ನ ಮುಟ್ಟಬ್ಯಾಡ" ಎಂದಳು.

ಅದಕ್ಕೆ ಉತ್ತರ ಕೊಟ್ಟವನು ಶಿದ್ಲಿಂಗಪ್ಪ. ಎಡಗೈಯಿಂದ ಹೆಂಡತಿಯ ಕೈಯನ್ನು ತನ್ನ ಮೈಮೇಲಿಂದ ತೆಗೆದ. ಸಿಟ್ಟಿನಿಂದಲ್ಲ, ಮೆಲ್ಲಗೆ ತೆಗೆದ. "ಕೆಂಚೀ, ಆಕಡೆ ಸರಿ" ಎಂದ. ಆಮೇಲೆ ಪೈಪಿನ ಕಡೆ ನೋಡಿದ.

ಆ ದಿನ ಮಧ್ಯಾಹ್ನ ಒಲೆಯ ಮುಂದೆ ಕೆಂಚವ್ವ ರೊಟ್ಟಿ ಬಡಿಯುತ್ತಿದ್ದಳು. ಬಡಿತದಲ್ಲಿ ಲಯವಿರಲಿಲ್ಲ. ಸುಧಾರಾಣಿ ಪಕ್ಕದಲ್ಲಿ ಹೋಗಿ ಕೂತಳು.

"ಯವ್ವಾ, ನಾ ಅಲ್ಲಿ ಒಮ್ಮಿ ಫೇಲಾಗಿದ್ದೆ. ನಿಮಗ ಹೇಳಲಿಲ್ಲ."

ಕೆಂಚವ್ವ ಕೈ ನಿಲ್ಲಿಸಿದಳು. "ನೀನಾ? ಯಾಕ?"

"ಒಬ್ಬ ಮುದುಕಗ ಅಂಗಿ ತೊಡಿಸಿದ್ನಿ, ಅದಕ್ಕ."

"ಅಂಗಿ ತೊಡಿಸಿದ್ದಕ್ಕ ಫೇಲ ಮಾಡಿದ್ರಾ?" ಕೆಂಚವ್ವನಿಗೆ ಆ ಹೊತ್ತಿನಲ್ಲೂ ನಗು ತಡೆಯಲಾಗಲಿಲ್ಲ. "ಎಂಥಾ ಹುಚ್ಚ ಮಂದಿ ಬೇ ಅವರು!"

"ನಂಗೂ ಹಂಗ ಅನಿಸಿತ್ತು." ಸುಧಾರಾಣಿ ಆರ್ಚಿಯ ಕತೆ ಹೇಳಿದಳು. ಅವನು ಮುಖ ತಿರುಗಿಸಿಕೊಂಡದ್ದನ್ನೂ ಹೇಳಿದಳು. ಕೆಂಚವ್ವನ ನಗು ಇಳಿಯಿತು. ಒಲೆಯ ಉರಿ ಸರಿಮಾಡಿದಳು.

"ನನ್ನ ಕೈಲೇ ಮಾಡಿಸಿಕೊಳ್ಳಾಕ ಅವಂಗ ನಾಚಿಕಿ ಆಗತಿತ್ತಂತೇನ?" ಎಂದಳು. ದನಿ ಸಣ್ಣದಾಗಿತ್ತು. "ಇಷ್ಟ ವರ್ಷ ಬಾಯಿ ಬಿಡಲಿಲ್ಲಲ್ಲ."

"ನೀ ಮಾಡಿದ್ದಕ್ಕ ಅಪ್ಪ ಬದುಕ್ಯಾನ ಯವ್ವಾ. ಮೈಮ್ಯಾಲ ಒಂದ ಹುಣ್ಣಿಲ್ಲ. ನೀ ಕಾಯ್ದಿದ್ದಿಲ್ಲಂದ್ರ ಇವತ್ತ ನಾ ಎಬ್ಬಸಾಕ ಅವನ ಇರತಿದ್ದಿಲ್ಲ."

"ಹಂಗಾರ ನಾ ಇನ್ನ ಏನ ಮಾಡ್ಲಿ? ಅವನ್ನ ಬಿಟ್ಟರ ನಂಗ ಬ್ಯಾರೆ ಕೆಲಸ ಗೊತ್ತಿಲ್ಲ ಬೇ."

ಇದೇ ಅವ್ವನ ಭಯದ ಬೇರು ಎಂದು ಸುಧಾರಾಣಿಗೆ ಆಗ ತಿಳಿಯಿತು. ಗ್ಲಾಸ್ಗೋದಲ್ಲಿ ಇದನ್ನು ಯಾರೂ ಕಲಿಸಿರಲಿಲ್ಲ. ಅಲ್ಲಿನ ಮುದುಕರ ಹಿಂದೆ ಒಬ್ಬ ಕೆಂಚವ್ವ ಇರುತ್ತಿರಲಿಲ್ಲ.

"ಕೆಲಸ ಐತಿ" ಎಂದಳು. "ನಾಳೆ ಅಪ್ಪನ ಎದುರಿಗೆ ನೀ ನಿಂದರು. ಕೈಗೆ ಸಿಗದಷ್ಟು ದೂರ. ಕರಿ. ನಾ ಕರದ್ರ ಅವ ಬರ್ತಾನೋ ಇಲ್ಲೋ, ನೀ ಕರದ್ರ ಬರ್ತಾನ."

ಮರುದಿನ ಕೆಂಚವ್ವ ಹಿತ್ತಲ ಬಾಗಿಲಲ್ಲಿ ನಿಂತಳು. ಕೈಗಳು ಮುಂದೆ ಹೋಗದಂತೆ ಸೆರಗನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡಳು. ಗಂಡನ ಹೆಸರು ಹೇಳಿ ಕರೆಯುವ ರೂಢಿ ಅವಳಿಗಿಲ್ಲ. ಕೊನೆಗೆ, "ಬಾ, ಇಲ್ಲೇ ಅದೇನಿ" ಎಂದಳು. ಶಿದ್ಲಿಂಗಪ್ಪ ಪೈಪು ಹಿಡಿದು ಬಲಗಾಲನ್ನು ಅರ್ಧವೃತ್ತದಲ್ಲಿ ಎಳೆದು ಮುಂದಿಟ್ಟ. ನಿಂತು ಉಸಿರು ತೆಗೆದುಕೊಂಡ. ಮತ್ತೆ ಇಟ್ಟ. ಅವನು ವಾಲಿದಾಗಲೆಲ್ಲ ಕೆಂಚವ್ವನ ಇಡೀ ಮೈ ಮುಂದಕ್ಕೆ ಬಾಗುತ್ತಿತ್ತು, ಕಾಲು ಮಾತ್ರ ಕದಲಲಿಲ್ಲ. ಅರ್ಧ ದಾರಿಗೆ ಸಾಕಾಗಿ ಅವನು ಕುರ್ಚಿ ಕೇಳಿದ. ಅಲ್ಲಿಗೇ ಆ ದಿನದ ನಡಿಗೆ ಮುಗಿಯಿತು.

ದಸರೆ ಮುಗಿದು ಶೀಗಿ ಹುಣ್ಣಿವೆ ಬರುವ ಹೊತ್ತಿಗೆ ಹೊರಸಿನ ಕೆಳಗಿನ ಇಟ್ಟಿಗೆಗಳೆಲ್ಲ ಹೋಗಿದ್ದವು. ಒಂದು ಮುಂಜಾನೆ ಕೆಂಚವ್ವ ಎದ್ದು ನೋಡಿದರೆ ಹೊರಸು ಖಾಲಿ. ಹಿತ್ತಲಿಗೆ ಓಡಿದಳು. ಸಂಡಾಸಿನ ಬಾಗಿಲು ಒಳಗಿನಿಂದ ಹಾಕಿತ್ತು. ಒಳಗೆ ನೀರು ಸುರಿಯುವ ಸದ್ದು, ಒಂದು ಸಣ್ಣ ಕೆಮ್ಮು. ಅವಳು ಬಾಗಿಲು ಬಡಿಯಲಿಲ್ಲ. ಹಿತ್ತಲ ಕಲ್ಲಿನ ಮೇಲೆ ಕೂತು, ಸದ್ದು ಕೇಳಿಸದಂತೆ, ಅಷ್ಟು ವರ್ಷ ಅತ್ತಿರದ ಅಳುವನ್ನೆಲ್ಲ ಅತ್ತಳು.

ಶಿದ್ಲಿಂಗಪ್ಪನ ಬಲಗೈ ಮತ್ತೆ ಬರಲಿಲ್ಲ. ಮುಷ್ಟಿ ಕಟ್ಟಿದ್ದು ಕಟ್ಟಿದ ಹಾಗೇ ಉಳಿಯಿತು. ಇಷ್ಟು ತಡವಾದ ಮೇಲೆ ಅದು ಬರುವುದಿಲ್ಲವೆಂದು ಸುಧಾರಾಣಿಯೇ ಮುಚ್ಚುಮರೆ ಇಲ್ಲದೆ ಹೇಳಿದಳು. ಮೊದಲೇ ಶುರುಮಾಡಿದ್ದರೆ ಏನಾಗುತ್ತಿತ್ತೋ ಎಂಬ ಯೋಚನೆ ಅವಳನ್ನು ಒಮ್ಮೊಮ್ಮೆ ಕಾಡುತ್ತದೆ. ಕಾಡಿದಾಗ ಅವಳು ಎದ್ದು ಕೆಲಸಕ್ಕೆ ಹೋಗುತ್ತಾಳೆ.

ಕೆಲಸ ಹುಡುಕಿಕೊಂಡು ಬಂದದ್ದು ರಾಜಮಾಬಿಯ ರೂಪದಲ್ಲಿ. ಅವಳ ಗಂಡ ಹಸನಸಾಬ ಮನೆ ಕಟ್ಟುವ ಗೌಂಡಿ. ಆ ಮಳೆಗಾಲದ ಕೊನೆಗೆ ಅವನಿಗೂ ಲಕ್ವಾ ಹೊಡೆಯಿತು. ಆಸ್ಪತ್ರೆಯಿಂದ ತಂದ ದಿನವೇ ರಾಜಮಾಬಿ ಬಂದು, "ಸುಧಾ, ನಿಮ್ಮಪ್ಪಗ ಮಾಡಿದ್ದನ್ನ ನಮ್ಮವರಿಗೂ ಮಾಡವಾ. ಬೈಯ್ಯೂದಿದ್ರ ನನ್ನ ಬೈ, ನಾ ಏನೂ ಅನ್ನಂಗಿಲ್ಲ" ಎಂದಳು. ಮೊದಲ ವಾರದಿಂದಲೇ ಶುರುವಾದದ್ದಕ್ಕೋ ಏನೋ, ಹಸನಸಾಬನ ಕೈ ಬೇಗ ತಿರುಗಿತು. ಸಂಕ್ರಾಂತಿ ದಾಟುವಷ್ಟರಲ್ಲಿ ಅವನು ಕರಣಿ ಹಿಡಿದು ತನ್ನ ಮನೆಯ ಗೋಡೆಗೇ ಸಿಮೆಂಟಿನ ಗಿಲಾಯಿ ಮಾಡಿದ. ಗೋಡೆ ಅಂಕುಡೊಂಕಾಗಿದೆ. ಬಂದವರಿಗೆಲ್ಲ ಅದನ್ನೇ ತೋರಿಸುತ್ತಾನೆ.

ಈಗ ಸುಧಾರಾಣಿ ನವಲಗುಂದದ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಳೆ. ಮಧ್ಯಾಹ್ನದ ಮೇಲೆ ಸ್ಕೂಟಿ ಹತ್ತಿ ಹಳ್ಳಿಗಳಿಗೆ ಹೋಗುತ್ತಾಳೆ. ಮಳೆ ಬಿದ್ದರೆ ಎರೆಮಣ್ಣು ಗಾಲಿಗೆ ಮೆತ್ತಿ ಗಾಡಿ ಮುಂದೆ ಹೋಗುವುದಿಲ್ಲ. ಆಗ ಅದನ್ನು ಯಾರದಾದರೂ ಕಟ್ಟೆಗೆ ನಿಲ್ಲಿಸಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಾಳೆ. ಪ್ರತಿ ಮನೆಯಲ್ಲೂ ಒಬ್ಬ ಅವ್ವನೋ ಹೆಂಡತಿಯೋ ಸೊಸೆಯೋ ಅವಳಿಗೆ ಎದುರು ನಿಲ್ಲುತ್ತಾರೆ, ಕಲ್ಲುಮನಸ್ಸಿನವಳು ಎನ್ನುತ್ತಾರೆ. ಅವಳು ಮೊದಲು ಅವರ ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತಾಳೆ. ರೋಗಿಯ ಕಡೆ ಹೋಗುವುದು ಆಮೇಲೆ.

ಕೆಂಚವ್ವ ಹೋದ ತಿಂಗಳು ಅಣ್ಣಿಗೇರಿಯ ತಂಗಿಯ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬಂದಳು. ಗಂಡ ಹಾಸಿಗೆ ಹಿಡಿದಾಗಿನಿಂದ ಅವಳು ಬೇರೆ ಊರಲ್ಲಿ ಮಲಗಿದ್ದೇ ಇರಲಿಲ್ಲ. ತಿರುಗಿ ಬಂದು ಬಸ್ಸಿಳಿದು ಮನೆಗೆ ಬಂದರೆ ಶಿದ್ಲಿಂಗಪ್ಪ ಕೋಲು ಹಿಡಿದು ಹೊರಗಿನ ಕಟ್ಟೆಯ ಮೇಲೆ ಕೂತಿದ್ದ. ಹೆಂಡತಿಯನ್ನು ಮೇಲಿಂದ ಕೆಳಗೆ ನೋಡಿ, "ಹೊಸಾ ಸೀರಿ" ಎಂದ.

"ಹೌದು, ತಂಗಿ ಉಡಿಸಿದ್ಲು. ಊಟಾ ಆತಿಲ್ಲೋ?"

"ಆತು." ಅವನ ಗಮನ ಬೇರೆಡೆ ಇತ್ತು. ಸ್ಕೂಟಿ ಒರೆಸುತ್ತಿದ್ದ ಮಗಳ ಕಡೆ ತಿರುಗಿದ. "ಸುಧಾ... ಕುರಿದಡ್ಡಿ."

"ದಡ್ಡಿತನಕಾ ಹೋಗಬೇಕಂತಿ?"

"ಹೂಂ."

ದಡ್ಡಿ ಊರಾಚೆ. ನಡುವೆ ಚಕ್ಕಡಿದಾರಿ, ಗಾಲಿಯ ಜಾಡಿನ ತಗ್ಗು, ಹಿಡಿದುಕೊಳ್ಳಲು ಗೋಡೆಯಿಲ್ಲ, ಪೈಪಿಲ್ಲ. ಸುಧಾರಾಣಿ ದಾರಿಯ ಉದ್ದಕ್ಕೂ ಕಣ್ಣು ಹಾಯಿಸಿದಳು. "ಮಳಿ ಮುಗೀಲಿ ಯಪ್ಪಾ, ನೆಲಾ ಗಟ್ಟಿ ಆಗಲಿ" ಎಂದಳು.

ಶಿದ್ಲಿಂಗಪ್ಪ ಕೋಲನ್ನು ನೆಲಕ್ಕೆ ಊರಿ, ಪಾದ ಹಿಂದಕ್ಕೆ ಎಳೆದುಕೊಂಡು, ಮುಂದಕ್ಕೆ ಬಾಗಿದ. "ಮಳಿ ಮುಗಿಯೂತನಕಾ ಯಾಕ ಕುಂದ್ರಬೇಕು?" ಎಂದ, ಒಂದೂ ಅಕ್ಷರ ತೊದಲದೆ.